ವಾರ್ಡಿಗೆ ಬಂದ ಔಷಧತಜ್ಞರು

ಬೆಂಗಳೂರಿನ ಕಾಡುಗೋಡಿಯ ಮೆಡಿಕಲ್ ಶಾಪಿನಲ್ಲಿ ಚೀಟಿ ಕೊಟ್ಟು ಮಾತ್ರೆ ಪಡೆಯುವಾಗ ಗೋಡೆಯತ್ತ ಒಮ್ಮೆ ನೋಡಿ. ಅಲ್ಲಿ ಅಂಗಡಿಯ ಲೈಸೆನ್ಸ್ ಕಾಣುವಂತೆ ತೂಗುಹಾಕಿರಬೇಕು; ವೈದ್ಯರ ಚೀಟಿಯ ಔಷಧಿ ನೋಂದಾಯಿತ ಫಾರ್ಮಾಸಿಸ್ಟ್ ಮೇಲ್ವಿಚಾರಣೆಯಲ್ಲೇ ನಮ್ಮ ಕೈಸೇರಬೇಕು. 1948ರ ಫಾರ್ಮಸಿ ಕಾಯ್ದೆ ಈ ವೃತ್ತಿಗೆ ಓದು ಮತ್ತು ನೋಂದಣಿಯನ್ನು ಕಡ್ಡಾಯ ಮಾಡಿತು. ಆ ಓದು ಹೇಗೆ ಬೆಳೆಯಿತು ಎಂಬುದಕ್ಕೆ ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜು ಒಳ್ಳೆಯ ನಿದರ್ಶನ.

ದೇಶದಲ್ಲಿ ಫಾರ್ಮಸಿಯ ವಿಶ್ವವಿದ್ಯಾಲಯ ಶಿಕ್ಷಣಕ್ಕೆ 1932ರಲ್ಲಿ ಬನಾರಸಿನಲ್ಲಿ ನಾಂದಿ ಹಾಡಿದವರು ಮಹಾದೇವ ಲಾಲ್ ಶ್ರಾಫ್. ಕರ್ನಾಟಕದಲ್ಲಿ 1963ರಲ್ಲಿ ಮಣಿಪಾಲ, 1964ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು ಶುರುವಾದವು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮೀಜಿಯವರು ಕಟ್ಟಿದ ಜೆಎಸ್ಎಸ್ ಮಹಾವಿದ್ಯಾಪೀಠ 1973ರಲ್ಲಿ ಮೈಸೂರಿನಲ್ಲಿ ಈ ಕಾಲೇಜು ತೆರೆಯಿತು.

ಆಗ ಪಾಠಗಳ ಒಲವೆಲ್ಲ ಔಷಧಿ ತಯಾರಿಕೆ, ಗುಣಮಟ್ಟ ಪರೀಕ್ಷೆಗಳ ಕಡೆಗಿತ್ತು. ಕಾರ್ಖಾನೆಗಳಿಗೂ ಅಂಥವರೇ ಬೇಕಿತ್ತು. ಅಂಥ ಕಾರ್ಖಾನೆಗಳಲ್ಲೊಂದಾದ, 1981ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಂಟಿಬಯೋಟಿಕ್ಸ್ ನಮ್ಮ ಪೀಣ್ಯದಲ್ಲೇ ಇದೆ.

ಮಹತ್ವದ ತಿರುವು ಬಂದದ್ದು 1990ರ ದಶಕದ ಉತ್ತರಾರ್ಧದಲ್ಲಿ. ಆಸ್ಟ್ರೇಲಿಯಾದ ಅಡಿಲೇಡಿನ ಆಸ್ಪತ್ರೆಯೊಂದರ ನೆರವಿನಿಂದ ಕಾಲೇಜು ಫಾರ್ಮಸಿ ಪ್ರಾಕ್ಟೀಸ್ ಸ್ನಾತಕೋತ್ತರ ಕೋರ್ಸ್ ಆರಂಭಿಸಿತು. ವಿದ್ಯಾರ್ಥಿಗಳು ಪ್ರಯೋಗಾಲಯ ಬಿಟ್ಟು ಜೆಎಸ್ಎಸ್ ಆಸ್ಪತ್ರೆಯ ವಾರ್ಡಿಗೆ ಬಂದರು. ವೈದ್ಯರ ರೌಂಡ್ಸ್ ಜೊತೆ ನಿಂತು ಕೇಸ್ ಶೀಟ್ ಓದುವುದು ಅಲ್ಲಿನ ಕಲಿಕೆ. ರಕ್ತದ ಕ್ರಿಯಾಟಿನಿನ್ ಏರಿದ್ದರೆ ಮೂತ್ರಪಿಂಡ ಸೋತಿರಬಹುದು. ಅದರ ಮೂಲಕ ಹೊರಹೋಗಬೇಕಾದ ಔಷಧಿ ಮೈಯಲ್ಲೇ ಉಳಿದು ವಿಷವಾದೀತು. ಡೋಸ್ ಇಳಿಸಬೇಕೇ ಎಂದು ಲೆಕ್ಕ ಹಾಕಿ ವೈದ್ಯರಿಗೆ ತಿಳಿಸಬೇಕು. ಬಿಡುಗಡೆಯಾಗುವ ಆಸ್ತಮಾ ರೋಗಿಗೆ ಇನ್‌ಹೇಲರ್ ಎಳೆಯುವ ಬಗೆ ತೋರಿಸಿ, ಅವರಿಂದಲೇ ಮಾಡಿಸಿ ನೋಡಬೇಕು.

ಇಂಥದೇ ವಾರ್ಡಿನ ಕಲಿಕೆಗೆ ಒತ್ತು ಕೊಡುವ ಆರು ವರ್ಷದ ಫಾರ್ಮ್.ಡಿ. ಪದವಿ ದೇಶಕ್ಕೆ ಬಂದ 2008ರಲ್ಲೇ ಜೆಎಸ್ಎಸ್‌ಗೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆಯೂ ದೊರೆತು, ಕಾಲೇಜು ಅದರ ಅಂಗವಾಯಿತು.

ಇಷ್ಟು ಕಲಿತವರನ್ನು ನಾವು ಮಾತ್ರೆ ಎಣಿಸಿಕೊಡುವವರು ಎಂದಷ್ಟೇ ಕಂಡರೆ ನಷ್ಟ ನಮ್ಮದೇ. ವೈಟ್‌ಫೀಲ್ಡಿನ ದೊಡ್ಡಾಸ್ಪತ್ರೆಯಾಗಲಿ, ಕಾಡುಗೋಡಿಯ ಸಣ್ಣ ಅಂಗಡಿಯಾಗಲಿ, ಫಾರ್ಮಾಸಿಸ್ಟ್‌ಗೆ ರೋಗಿಯೊಡನೆ ಮಾತಾಡಲು ಬಿಡುವು ಸಿಗಬೇಕು. ಬಿಪಿ ಮಾತ್ರೆ ನುಂಗುವವರು ಮಂಡಿನೋವಿಗೆ ಇನ್ನೊಂದು ಮಾತ್ರೆ ಕೊಳ್ಳುವ ಮೊದಲು, ‘ಇವೆರಡೂ ಒಟ್ಟಿಗೆ ಆಗುತ್ತವೆಯೇ?’ ಎಂದು ಫಾರ್ಮಾಸಿಸ್ಟರನ್ನು ಕೇಳಲಿ.