ಸೂಜಿ ಚುಚ್ಚಿದರೆ ನೋವು ಹೋಗುತ್ತದೆಯೇ?

“ಟೀಚರಮ್ಮ, ಸೂಜಿ ಚುಚ್ಚಿದ್ರೆ ಮಂಡಿ ನೋವು ಹೋಗುತ್ತಂತೆ. ನಿಜಾನಾ?”

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಹೀಗೆ ಕೇಳಿದರು. ಅವರು ದೊಡ್ಡಬಳ್ಳಾಪುರದವರು. ಬಹಳ ವರ್ಷದಿಂದ ಮಗ್ಗದ ಮನೆಯಲ್ಲಿ ರೇಷ್ಮೆ ನೂಲು ಸುತ್ತುವ ಕೆಲಸ. ನೆಲದ ಮೇಲೆ ಕೂತರೆ ಗೋಡೆ ಹಿಡಿದೇ ಏಳಬೇಕು.

“ಈಗ ನೋವಿಗೆ ಏನು ಮಾಡ್ತಿದ್ದೀರಿ ಅಕ್ಕಾ?” ಎಂದು ಕೇಳಿದೆ.

“ಅಂಗಡೀಲಿ ಮಾತ್ರೆ ಕೊಡ್ತಾರೆ, ನುಂಗ್ತೀನಿ. ಎರಡು ವರ್ಷ ಆಯ್ತು. ಈಗ ಹೊಟ್ಟೆ ಉರೀತದೆ.”

ನಮ್ಮ ಕಡೆ ಇಂಥ ಅಕ್ಕಂದಿರು ಬಹಳ ಮಂದಿ. ದ್ರಾಕ್ಷಿ ತೋಟದಲ್ಲಿ ಬಗ್ಗಿ ಸೊಂಟ ನೋವು. ಸೊಪ್ಪಿನ ಹೊರೆ ಹೊತ್ತು ಕತ್ತು ನೋವು. ಎಲ್ಲದಕ್ಕೂ ಒಂದೇ ಮಾತ್ರೆ. ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಆಗಬಹುದು. ಮೂತ್ರಪಿಂಡವೂ ಕೆಡಬಹುದು. ಆದ್ದರಿಂದ ಆ ಅಕ್ಕನ ಪ್ರಶ್ನೆ ದೊಡ್ಡ ಪ್ರಶ್ನೆ. ಬನ್ನಿ, ತಿಳಿಯೋಣ.

ಸೂಜಿ ಚಿಕಿತ್ಸೆ ಎಂದರೇನು?

ಇದಕ್ಕೆ ಅಕ್ಯುಪಂಕ್ಚರ್ ಎಂದು ಹೆಸರು. ಇದು ಇಂಜೆಕ್ಷನ್ ಅಲ್ಲ. ಸೂಜಿಯೊಳಗೆ ಔಷಧಿ ಇರುವುದಿಲ್ಲ. ಸೂಜಿ ಕೂದಲಿನಷ್ಟು ಸಣ್ಣ. ಮೈಯ ಕೆಲವು ಜಾಗಗಳಲ್ಲಿ ಅದನ್ನು ಚುಚ್ಚುತ್ತಾರೆ. ಸುಮಾರು ಇಪ್ಪತ್ತು, ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ. ಚುಚ್ಚುವಾಗ ಇರುವೆ ಕಡಿದ ಹಾಗೆ ಆಗಬಹುದು. ಆಮೇಲೆ ಆ ಜಾಗ ಜೋಮು ಹಿಡಿದಂತೆ ಅನ್ನಿಸಬಹುದು.

ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದು ಬೇರೆ, ಇದು ಬೇರೆ. ಬರೆ ಹಾಕಿದರೆ ಮೈ ಸುಡುತ್ತದೆ, ಗಾಯ ಕೀವಾಗುತ್ತದೆ. ಬರೆ ಬೇಡವೇ ಬೇಡ.

ಇದು ಎಲ್ಲಿಂದ ಬಂತು?

ಇದು ಚೀನಾ ದೇಶದ ವಿದ್ಯೆ. ಅಲ್ಲಿ ಎರಡು ಸಾವಿರ ವರ್ಷಕ್ಕಿಂತ ಹಳೆಯದು. 1938ರಲ್ಲಿ ಚೀನಾದಲ್ಲಿ ಯುದ್ಧ ನಡೆಯುತ್ತಿತ್ತು. ಗಾಯಾಳುಗಳ ಸೇವೆಗೆ ನಮ್ಮ ದೇಶದಿಂದ ಐದು ಜನ ಡಾಕ್ಟರು ಹೋದರು. ಸೊಲ್ಲಾಪುರದ ಡಾ. ಕೋಟ್ನಿಸ್ ಅವರಲ್ಲಿ ಒಬ್ಬರು. ಅವರು ಸೇವೆ ಮಾಡುತ್ತಲೇ 1942ರಲ್ಲಿ ಅಲ್ಲೇ ತೀರಿಕೊಂಡರು. ಇನ್ನೊಬ್ಬರು ಡಾ. ಬಿ. ಕೆ. ಬಸು. ಅವರು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತರು. ಕಲ್ಕತ್ತಕ್ಕೆ ಬಂದು ನಮ್ಮ ಜನರಿಗೆ ಕಲಿಸಿದರು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಒಂದು ಚಿಕಿತ್ಸಾ ಪದ್ಧತಿ ಎಂದು ಒಪ್ಪಿತು.

ನೋವು ಹೇಗೆ ಇಳಿಯುತ್ತದೆ?

ಕೈಗೆ ಪೆಟ್ಟು ಬಿದ್ದರೆ ಏನು ಮಾಡುತ್ತೀರಿ? ಕೂಡಲೇ ಉಜ್ಜಿಕೊಳ್ಳುತ್ತೀರಿ. ಸ್ವಲ್ಪ ಹಾಯ್ ಅನ್ನಿಸುತ್ತದೆ. ಉಜ್ಜಿದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಆಗ ನೋವಿನ ಸುದ್ದಿಯ ಜೋರು ತಗ್ಗುತ್ತದೆ. ಸೂಜಿಯೂ ಹೀಗೇ ನರವನ್ನು ಎಚ್ಚರಿಸುತ್ತದೆ. ನಮ್ಮ ಮೈಯಲ್ಲೇ ನೋವು ತಗ್ಗಿಸುವ ಒಂದು ವಸ್ತು ಹುಟ್ಟುತ್ತದೆ. ಅದರ ಹೆಸರು ಎಂಡಾರ್ಫಿನ್. ಸೂಜಿ ಚುಚ್ಚಿದಾಗ ಅದು ಹೆಚ್ಚುತ್ತದೆ ಎನ್ನುತ್ತಾರೆ. ಮುಳ್ಳನ್ನು ಮುಳ್ಳಿನಿಂದ ತೆಗೆ ಎಂಬ ಗಾದೆ ಇದೆಯಲ್ಲ, ಹಾಗೆ!

ಆದರೆ ಇದು ಮಂತ್ರ ಅಲ್ಲ. ವಿಜ್ಞಾನಿಗಳು ಪರೀಕ್ಷೆ ಮಾಡಿದ್ದಾರೆ. ಕೆಲವರಿಗೆ ಸರಿಯಾದ ಜಾಗದಲ್ಲಿ ಚುಚ್ಚಿದರು. ಕೆಲವರಿಗೆ ಬರೀ ಚುಚ್ಚಿದ ಹಾಗೆ ಮಾಡಿದರು. ಇಬ್ಬರಿಗೂ ನೋವು ಇಳಿಯಿತು. ನಿಜವಾಗಿ ಚುಚ್ಚಿದವರಿಗೆ ಸ್ವಲ್ಪ ಹೆಚ್ಚು ಇಳಿಯಿತು, ಅಷ್ಟೆ. ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಕಾಣುವುದಿಲ್ಲ.

ಯಾವ ನೋವಿಗೆ? ಯಾವುದಕ್ಕೆ ಬೇಡ?

ನೋವಿನಲ್ಲಿ ಎರಡು ಬಗೆ. ಹೊಸ ನೋವು, ಹಳೆ ನೋವು.

ಹೊಸ ನೋವು ಎಂದರೆ ದೇಹ ಕೂಗಿ ಕರೆಯುವುದು. ‘ಇಲ್ಲಿ ಏನೋ ಆಗಿದೆ, ನೋಡು’ ಎನ್ನುತ್ತದೆ. ಎದೆ ನೋವು, ತಡೆಯಲಾರದ ಹೊಟ್ಟೆ ನೋವು, ಬಿದ್ದು ಮೂಳೆ ಮುರಿದದ್ದು, ಇದ್ದಕ್ಕಿದ್ದಂತೆ ಬಂದ ಜೋರು ತಲೆನೋವು, ಇವಕ್ಕೆ ಸೂಜಿ ಹುಡುಕಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ.

ಮೂರು ತಿಂಗಳು ದಾಟಿದರೆ ಅದು ಹಳೆ ನೋವು. ಸೊಂಟ, ಕತ್ತು, ಮಂಡಿ, ಆಗಾಗ ಬರುವ ಅರೆತಲೆ ನೋವು, ಇಂಥವಕ್ಕೆ ಸೂಜಿ ಚಿಕಿತ್ಸೆ ನೆರವಾಗಬಹುದು. ಆದರೆ ಮೊದಲು ಡಾಕ್ಟರಿಗೆ ತೋರಿಸಿ. ನೋವಿಗೆ ಕಾರಣ ಏನು ಎಂದು ತಿಳಿಯಬೇಕು. ಕಾರಣ ತಿಳಿಯದೆ ನೋವು ಮುಚ್ಚಿದರೆ ರೋಗ ಒಳಗೇ ಬೆಳೆಯುತ್ತದೆ.

ಬಸುರಿಯಾಗಿದ್ದರೆ ಮೊದಲೇ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೂ ಹೇಳಿ.

ಯಾರ ಹತ್ತಿರ ಹೋಗಬೇಕು?

ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸೂಜಿ ಹಿಡಿದು ಕೂತವರ ಹತ್ತಿರ ಹೋಗಬೇಡಿ. ಕಲಿತವರ ಹತ್ತಿರವೇ ಹೋಗಿ. ಪ್ರಕೃತಿ ಚಿಕಿತ್ಸೆ ಓದಿದ ಡಾಕ್ಟರ ಬೋರ್ಡಿನಲ್ಲಿ ಬಿ.ಎನ್.ವೈ.ಎಸ್. ಎಂದು ಇರುತ್ತದೆ. ಅವರ ಓದಿನಲ್ಲಿ ಸೂಜಿ ಚಿಕಿತ್ಸೆಯ ಪಾಠವೂ ಇದೆ. ಉಜಿರೆಯ ಕಾಲೇಜಿನಲ್ಲಿ 1989ರಿಂದ ಈ ಓದು ನಡೆದಿದೆ. ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ.

ಅಕ್ಕಂದಿರೇ, ಈಗ ನಿಮಗೆ ಓದು ಬರುತ್ತದೆ. ಬೋರ್ಡು ಓದಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣ ಮುಂದೆಯೇ ಒಡೆಯಬೇಕು. ಅದರ ಮೇಲಿನ ತಿಂಗಳು, ವರ್ಷದ ಅಂಕಿ ಓದಿ. ಅವಧಿ ಮುಗಿದಿದ್ದರೆ ಬೇಡ ಅನ್ನಿ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆ, ಏಡ್ಸ್‌ನಂಥ ರೋಗ ಅಂಟಬಹುದು. “ಹೊಸ ಸೂಜೀನಾ?” ಎಂದು ಕೇಳಲು ನಾಚಿಕೆ ಬೇಡ. ಎಷ್ಟು ಸಲ ಬರಬೇಕು, ಎಷ್ಟು ಖರ್ಚು ಎಂದೂ ಮೊದಲೇ ಕೇಳಿ.

ಆ ಅಕ್ಕನ ಕಥೆ ಏನಾಯ್ತು?

ಅವರು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋದರು. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದರು. ಅಂಗಡಿ ಮಾತ್ರೆ ನಿಲ್ಲಿಸಿದರು. ಹೊಟ್ಟೆ ಉರಿಗೆ ಔಷಧಿ ಕೊಟ್ಟರು. ಕಾಲಿನ ವ್ಯಾಯಾಮ ಹೇಳಿಕೊಟ್ಟರು. ಆಮೇಲೆ ಅವರನ್ನೇ ಕೇಳಿ ಎಂಟು ಸಲ ಸೂಜಿ ಹಾಕಿಸಿಕೊಂಡರು.

“ನೋವು ಪೂರ್ತಿ ಹೋಗಿಲ್ಲ ಟೀಚರಮ್ಮ. ಆದ್ರೆ ರಾತ್ರಿ ನಿದ್ದೆ ಬರ್ತದೆ” ಎಂದರು. ಈಗ ನೆಲದ ಮೇಲೆ ಕೂರುವುದಿಲ್ಲ. ಎತ್ತರದ ಮಣೆ ಮೇಲೆ ಕೂತು ನೂಲು ಸುತ್ತುತ್ತಾರೆ.

ನೆನಪಿಡಿ
• ಮೊದಲು ಕಾರಣ ತಿಳಿಯಿರಿ, ಆಮೇಲೆ ಚಿಕಿತ್ಸೆ.
• ಹೊಸ ಸೂಜಿ, ಕಲಿತ ಕೈ.
• ಡಾಕ್ಟರು ಕೊಟ್ಟ ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ.

ಉತ್ತರ ಹೇಳಿ
1. ಯಾವ ನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು?
2. ಸೂಜಿಯ ಪೊಟ್ಟಣದಲ್ಲಿ ಏನು ಓದಬೇಕು?
3. ನಿಮ್ಮ ಮನೆಯಲ್ಲಿ ಯಾರು ದಿನಾ ನೋವಿನ ಮಾತ್ರೆ ನುಂಗುತ್ತಾರೆ? ಅವರಿಗೆ ಈ ಪಾಠ ಓದಿ ಹೇಳಿ.