ಔಷಧಕ್ಕೆ ಮೊದಲು ಕೇಳಬೇಕಾದ ಮಾತು

ಇಪ್ಪತ್ತು ಇಪ್ಪತ್ತೈದು ವರ್ಷದ ಹುಡುಗನಿಗೆ ಕ್ಯಾನ್ಸರ್ ರೋಗವೆಂದು ವೈದ್ಯರು ತಿಳಿಸಿದಾಗ ಮನೆಯವರೆಲ್ಲರ ಮನಸ್ಸು ಒಂದೇ ಪ್ರಶ್ನೆಯಲ್ಲಿ ನಟ್ಟಿರುವುದು: ಹುಡುಗ ಉಳಿಯುವನೋ ಇಲ್ಲವೋ? ಇದು ಸಹಜವೇ ಸರಿ. ಉಳಿದ ಮೇಲೆ ಅವನಿಗೆ ಮದುವೆಯಾಗಬೇಕು, ಮಕ್ಕಳಾಗಬೇಕು ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಹೊರಡದು. ಹೊರಟರೂ ಸಂಕೋಚದಿಂದ ಗಂಟಲಲ್ಲಿಯೇ ನಿಲ್ಲುವುದು. ಈ ಸಂಕೋಚದಿಂದಾಗುವ ನಷ್ಟವು ಅಲ್ಪವಾದುದಲ್ಲ. ಆದುದರಿಂದ ಗೃಹಸ್ಥರ ಮುಂದೆ ವಿಷಯವನ್ನು ಬಿಚ್ಚಿ ಹೇಳಲು ನಾವು ಹಿಂಜರಿಯುವುದಿಲ್ಲ.

ಕೀಮೋ ಎಂದು ಜನರು ಕರೆಯುವ ಔಷಧಗಳಲ್ಲಿ ಹೆಚ್ಚಿನವು ಶೀಘ್ರವಾಗಿ ಒಡೆದು ವೃದ್ಧಿಯಾಗುವ ಜೀವಕೋಶಗಳನ್ನು ಕೊಲ್ಲುವುವು. ರೋಗದ ಕೋಶಗಳು ಅಂಥವು. ಕೂದಲಿನ ಬುಡದ ಕೋಶಗಳೂ ಅಂಥವೇ ಆದುದರಿಂದ ರೋಗಿಯ ತಲೆ ಬೋಳಾಗುವುದು. ವೃಷಣಗಳಲ್ಲಿ ವೀರ್ಯಾಣುಗಳನ್ನು ಹುಟ್ಟಿಸುವ ಕೋಶಗಳೂ ಇದೇ ಜಾತಿಯವು. ಅಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಔಷಧವು ಬೆಳೆಯುವ ಪೈರನ್ನು ಮಾತ್ರ ಸುಟ್ಟರೆ ಕೆಲವು ತಿಂಗಳ ಮೇಲೆ ಮರಳಿ ಬೆಳೆ ಬರುವುದು. ಬಿತ್ತನೆಯ ಬೀಜವನ್ನೇ ಸುಟ್ಟಿತೆಂದರೆ ವರ್ಷಗಳು ಹಿಡಿಯುವುವು, ಕೆಲವರಿಗೆ ಬಾರದೆಯೇ ಹೋಗುವುದು.

ಎಲ್ಲ ಔಷಧಗಳೂ ಒಂದೇ ಸಮನಲ್ಲ. ಹಾಡ್ಕಿನ್ ಎಂಬ ಹಾಲುರಸದ ಗ್ರಂಥಿಗಳ ಕ್ಯಾನ್ಸರಿಗೆ 1960ರ ದಶಕದಲ್ಲಿ ಅಮೆರಿಕದಲ್ಲಿ ನಾಲ್ಕು ಔಷಧಗಳ ಒಂದು ಚಿಕಿತ್ಸೆಯನ್ನು ಕಂಡುಹಿಡಿದರು. ಅದರಿಂದ ಎಷ್ಟೋ ಮಂದಿ ಬದುಕಿದರು. ಆದರೆ ಪೂರ್ತಿ ಚಿಕಿತ್ಸೆ ಪಡೆದ ಗಂಡಸರಲ್ಲಿ ಬಹುಪಾಲಿನವರು ವೀರ್ಯಾಣುಗಳನ್ನು ಶಾಶ್ವತವಾಗಿ ಕಳೆದುಕೊಂಡರು. ಅದರಲ್ಲಿದ್ದ ನೈಟ್ರೊಜನ್ ಮಸ್ಟರ್ಡ್, ಪ್ರೊಕಾರ್ಬಜೀನ್ ಎಂಬೆರಡು ಔಷಧಗಳೇ ಇದಕ್ಕೆ ಮುಖ್ಯ ಕಾರಣ. 1970ರ ದಶಕದಲ್ಲಿ ಇಟಲಿಯ ಮಿಲಾನಿನಲ್ಲಿ ಬೊನಡೊನ್ನಾ ಎಂಬ ವೈದ್ಯರು ಇವೆರಡೂ ಇಲ್ಲದ ಬೇರೊಂದು ಚಿಕಿತ್ಸೆಯನ್ನು ತಂದರು. ಅದನ್ನು ಪಡೆದವರಲ್ಲಿ ಹೆಚ್ಚಿನವರಿಗೆ ಶಕ್ತಿ ಮರಳುವುದು. ವೃಷಣದ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಮಧ್ಯಮ ತರಗತಿಯದು. ಬಹುಮಂದಿಗೆ ಎರಡರಿಂದ ಐದು ವರ್ಷಗಳೊಳಗೆ ವೀರ್ಯಾಣುಗಳು ಮತ್ತೆ ಕಾಣಿಸಿಕೊಳ್ಳುವುವು. ಸೈಕ್ಲೊಫಾಸ್ಫಮೈಡಿನ ಕೇಡು ಒಟ್ಟು ಪ್ರಮಾಣವನ್ನು ಅನುಸರಿಸಿರುವುದು.

ಔಷಧದಿಂದ ಗಂಡಸುತನವೇ ಹೋಗುವುದೆಂಬ ಭಯವೊಂದುಂಟು. ಪುರುಷ ಹಾರ್ಮೋನನ್ನು ಸ್ರವಿಸುವ ಕೋಶಗಳು ಬೇರೆ. ಅವು ಈ ಔಷಧಗಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಮೀಸೆ, ಧ್ವನಿ, ಕಾಮಶಕ್ತಿಗಳು ಸಾಮಾನ್ಯವಾಗಿ ಉಳಿಯುವುವು. ಆದರೆ ಹೊರಗಿನ ಲಕ್ಷಣ ನೋಡಿ ವೀರ್ಯ ಚೆನ್ನಾಗಿದೆಯೆಂದು ಊಹಿಸುವುದೂ ತಪ್ಪು, ಪರೀಕ್ಷೆಯಿಂದಲೇ ತಿಳಿಯಬೇಕು.

ಇದಕ್ಕೆ ಉಪಾಯವಿದೆ. ಔಷಧದ ಮೊದಲನೆಯ ಹನಿ ಮೈಸೇರುವುದಕ್ಕೆ ಮುಂಚೆ ಹುಡುಗನ ವೀರ್ಯವನ್ನು ಸಂಗ್ರಹಿಸಿ, ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡಬಹುದು. ಇದು ಹೊಸತಲ್ಲ, ಹೆಪ್ಪುಗಟ್ಟಿಸಿಟ್ಟ ವೀರ್ಯದಿಂದ ಗರ್ಭ ನಿಂತುದನ್ನು 1953ರಲ್ಲಿಯೇ ಅಮೆರಿಕದ ವಿದ್ವಾಂಸರು ಪ್ರಕಟಿಸಿದ್ದರು. ಕೆಲಸವು ಒಂದೆರಡು ದಿನಗಳದು. ಸಾಮಾನ್ಯವಾಗಿ ಚಿಕಿತ್ಸೆಯನ್ನು ತಡೆಯಬೇಕಾದುದಿಲ್ಲ. ರೋಗದಿಂದಲೇ ವೀರ್ಯಾಣುಗಳು ಕಡಿಮೆಯಾಗಿದ್ದರೂ ನಿರಾಶರಾಗಬೇಕಿಲ್ಲ. ಒಂದೇ ಒಂದು ವೀರ್ಯಾಣುವನ್ನು ಅಂಡದೊಳಕ್ಕೆ ಸೂಜಿಯಿಂದ ಸೇರಿಸುವ ವಿಧಾನದಿಂದ 1992ರಿಂದೀಚೆಗೆ ಮಕ್ಕಳು ಹುಟ್ಟುತ್ತಿವೆ.

ಸೈಕಲ್ ಪಂದ್ಯಗಳ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನು 1996ರಲ್ಲಿ ವೃಷಣದ ಕ್ಯಾನ್ಸರಿಗೆ ತುತ್ತಾದಾಗ ಹೀಗೆಯೇ ಮಾಡಿದನು. ಉದ್ದೀಪನ ಮದ್ದು ಸೇವಿಸಿ ಅವನು ಗಳಿಸಿದ ಅಪಕೀರ್ತಿ ಬೇರೆಯ ಮಾತು. ಕೂಡಿಟ್ಟ ವೀರ್ಯದಿಂದ ಅವನಿಗೆ 1999ರಲ್ಲಿ ಗಂಡುಮಗುವೂ 2001ರಲ್ಲಿ ಅವಳಿ ಹೆಣ್ಣುಮಕ್ಕಳೂ ಆದರು. 2009ರಲ್ಲಿ ಹುಟ್ಟಿದ ಮಗನಂತೂ ಸಹಜವಾಗಿಯೇ ಆದವನು.

ಆದುದರಿಂದ ತಂದೆಯೋ ಸೋದರಮಾವನೋ ವೈದ್ಯರನ್ನು ನೇರವಾಗಿ ಕೇಳತಕ್ಕದ್ದು: “ಈ ಔಷಧದಿಂದ ಸಂತಾನಕ್ಕೆ ತೊಂದರೆಯುಂಟೆ? ಮೊದಲೇ ವೀರ್ಯವನ್ನು ತೆಗೆದಿಡಬಹುದೆ?” ಹಿರಿಯರೆದುರು ಹುಡುಗನು ನಾಚುವುದಾದರೆ ವೈದ್ಯರೊಡನೆ ಅವನೊಬ್ಬನನ್ನೇ ಬಿಡುವುದು ಲೇಸು. ಮದುವೆಯಾದವರು ಚಿಕಿತ್ಸೆಯ ಕಾಲದಲ್ಲಿಯೂ, ಅನಂತರ ವೈದ್ಯರು ಹೇಳಿದಷ್ಟು ಕಾಲವೂ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ಔಷಧ ತಗುಲಿದ ವೀರ್ಯಾಣುವಿನಲ್ಲಿ ದೋಷವಿರಬಹುದು.

ಇನ್ನೂ ಪ್ರಾಯಕ್ಕೆ ಬಾರದ ಬಾಲಕರಲ್ಲಿ ವೀರ್ಯವೇ ಇರದು. ಅವರ ವೃಷಣದ ಚೂರನ್ನು ತೆಗೆದು ಶೈತ್ಯದಲ್ಲಿಡುವ ಕ್ರಮವು ಇನ್ನೂ ಪ್ರಯೋಗದ ಹಂತದಲ್ಲಿದೆ. ಅಂಥವರು ಬೆಳೆದ ಮೇಲೆ, ಮದುವೆಯ ಮಾತುಕತೆಗೆ ಮೊದಲೇ, ಒಮ್ಮೆ ವೀರ್ಯಪರೀಕ್ಷೆ ಮಾಡಿಸಿಕೊಳ್ಳುವುದು ಎರಡು ಮನೆಯವರಿಗೂ ಒಳ್ಳೆಯದು.