ಹಸುವಿನ ಹಿಂಗಾಲು ಊದಿದೆಯಾ? ಮೊದಲು ನೆಲ ನೋಡಿ

ನನ್ನ ಹತ್ತಿರ ಇರೋದು ಒಂದೇ ಎಚ್‌ಎಫ್ ಮಿಶ್ರತಳಿ ಹಸು. ಹಾಲಿಗಿಂತ ಹೆಚ್ಚಾಗಿ ಸಗಣಿ, ಗಂಜಲಕ್ಕೆ ಅಂತ ತಂದಿದ್ದು. ತಂದ ವರ್ಷವೇ ಹಳೇ ಮಣ್ಣಿನ ಕೊಟ್ಟಿಗೆ ಕೆಡವಿ, ಗಾರೆ ನೆಲದ ಶೆಡ್ ಕಟ್ಟಿಸಿದೆ. ಪೈಪ್ ಹಿಡಿದು ನೀರು ಹೊಡೆದರೆ ಐದು ನಿಮಿಷದಲ್ಲಿ ಕ್ಲೀನ್. ಸ್ಟೇಟಸ್‌ಗೆ ಫೋಟೋನೂ ಹಾಕಿದ್ದೆ. ಆರು ತಿಂಗಳಲ್ಲಿ ಹಸುವಿನ ಎರಡೂ ಹಿಂಗಾಲಿನ ಕೀಲಿನ ಹೊರಬದಿಯಲ್ಲಿ ಕೂದಲು ಉದುರಿ, ನಿಂಬೆಹಣ್ಣಿನ ಗಾತ್ರದ ಊತ ಬಂತು.

ಈ ಕೀಲನ್ನು ನಮ್ಮ ಕಡೆ ಹಿಂಗಾಲಿನ ಮಂಡಿ ಅಂತಾರೆ. ನಿಜಕ್ಕೆ ಅದು ಮಂಡಿ ಅಲ್ಲ, ನಮ್ಮ ಪಾದದ ಗಂಟಿಗೆ ಸಮ. ಹಿಂದಕ್ಕೆ ಚೂಪಾಗಿ ಚಾಚಿಕೊಂಡಿರುತ್ತಲ್ಲ, ಅದು ನಮ್ಮ ಹಿಮ್ಮಡಿ ಇದ್ದ ಹಾಗೆ. ಹಸುವಿನ ಅಸಲಿ ಮಂಡಿ ಇನ್ನೂ ಮೇಲೆ, ಹೊಟ್ಟೆ ಹತ್ತಿರ ಇರುತ್ತೆ. ಪಶುವೈದ್ಯರು ಈ ಕೆಳಗಿನ ಕೀಲಿಗೆ ಹಾಕ್ ಅಂತಾರೆ. ಅದರ ಮೇಲೆ ಮಾಂಸವಿಲ್ಲ; ಮೂಳೆ, ಮೇಲೆ ಚರ್ಮ, ಅಷ್ಟೇ. ಹಸು ದಿನಕ್ಕೆ 10–12 ಗಂಟೆ ಮಲಗೇ ಇರುತ್ತೆ. ಒರಟು ಗಾರೆಯ ಮೇಲೆ ಮಲಗಿ ಏಳುವಾಗೆಲ್ಲ ಆ ಜಾಗ ಉಜ್ಜುತ್ತೆ, ಒತ್ತುತ್ತೆ. ಮೊದಲು ಕೂದಲು ಹೋಗುತ್ತೆ, ಆಮೇಲೆ ಚರ್ಮದಡಿ ನೀರು ತುಂಬಿದ ಚೀಲ ಬೆಳೆಯುತ್ತೆ. ಅದು ದೇಹ ತಾನೇ ಮಾಡಿಕೊಂಡ ದಿಂಬು ಅಂದ್ಕೊಳ್ಳಿ.

ಪಕ್ಕದ ತೋಟದ ಅಜ್ಜ ಬರೆ ಹಾಕ್ಸು ಅಂದರು. ನಾನು ತೋಟಗಾರಿಕೆ ಓದಿದವನು, ಮನಸ್ಸಲ್ಲೇ ನಕ್ಕೆ. ಆದರೆ ನಾನು ಮಾಡಿದ್ದೇನು ಕಮ್ಮಿಯಲ್ಲ. ಮೊಬೈಲಲ್ಲಿ ಒಂದು ವಿಡಿಯೋ ನೋಡಿ, ಸಿರಿಂಜ್ ಚುಚ್ಚಿ ಆ ನೀರು ಎಳೆದೆ. ಊತ ಇಳಿಯಿತು, ಖುಷಿಯಾಯ್ತು. ಮೂರನೇ ದಿನ ಮತ್ತೆ ಊದಿತು, ಈ ಸಲ ಮುಟ್ಟಿದರೆ ಬಿಸಿ. ಐದನೇ ದಿನ ಹಸು ಕಾಲು ಊರಲಿಲ್ಲ. ಜ್ವರ 104 ಡಿಗ್ರಿ, 12 ಲೀಟರ್ ಇದ್ದ ಹಾಲು 5ಕ್ಕೆ ಬಂತು. ಕೊಟ್ಟಿಗೆಯ ಕೊಳೆ ಸೂಜಿ ದಾರಿಯಲ್ಲೇ ಒಳಗೆ ಹೋಗಿತ್ತು. ಕೀವು ಕೀಲಿನೊಳಕ್ಕೆ ಇಳಿದಿರಲಿಲ್ಲ, ಇಳಿದಿದ್ದರೆ ಹಸು ಉಳಿಯೋದೇ ಕಷ್ಟ ಇತ್ತು ಅಂದರು ಡಾಕ್ಟರ್. ಆಂಟಿಬಯೋಟಿಕ್ ಕೊಟ್ಟಷ್ಟು ದಿನ, ಆಮೇಲೂ ಅವರು ಹೇಳಿದಷ್ಟು ದಿನ ಹಾಲು ಚೆಲ್ಲಿದೆ. ಸಾವಯವ ಅಂತ ಬೋರ್ಡ್ ಹಾಕಿಕೊಂಡವನಿಗೆ ಇದು ಸುಲಭವಲ್ಲ. ಆದರೆ ಕೀವಾದ ಕೀಲಿಗೆ ಅರಿಶಿನ ಹಚ್ಚಿ ಕೂರೋದು ಸಾವಯವ ಅಲ್ಲ, ಹಿಂಸೆ.

ಹಾಗಾಗಿ ಊತ ತಣ್ಣಗಿದ್ದು, ಒತ್ತಿದರೆ ನೋವಿಲ್ಲದೆ, ಹಸು ಸರಿಯಾಗಿ ನಡೀತಿದ್ದರೆ ಚುಚ್ಚಬೇಡಿ, ಕುಯ್ಯಬೇಡಿ, ಬರೆ ಅಂತೂ ಬೇಡವೇ ಬೇಡ. ನೆಲ ಬದಲಿಸಿ. ಬಿಸಿ, ನೋವು, ಕುಂಟು, ಜ್ವರ, ಕೀವು ಇದರಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರ್‌ನ ಕರೆಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತೆ. ಕುಂಟುತ್ತಿದ್ದರೆ ಗೊರಸನ್ನೂ ಎತ್ತಿ ನೋಡಿ, ಹಾಲಿನ ಹಸುಗಳ ಕುಂಟು ಹೆಚ್ಚಾಗಿ ಶುರುವಾಗೋದೇ ಅಲ್ಲಿ. ಎಳೇ ಕರುವಿಗೆ ಎರಡು ಮೂರು ಕೀಲು ಒಟ್ಟಿಗೆ ಊದಿದರೆ ಹೊಕ್ಕುಳು ನೋಡಿ. ಹುಟ್ಟಿದ ತಕ್ಷಣ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿಲ್ಲ, ಗಿಣ್ಣು ಹಾಲು ಸಾಕಷ್ಟು ಕುಡಿಸಿಲ್ಲ ಅಂದರೆ ಸೋಂಕು ರಕ್ತದ ಮೂಲಕ ಕೀಲಿಗೆ ಇಳಿಯುತ್ತೆ. ಇದಕ್ಕೆ ಕಾಯೋ ಹಾಗೇ ಇಲ್ಲ.

ಇನ್ನು ಎತ್ತು ಹಿಂಗಾಲನ್ನು ಎಳೆದು, ತಟಕ್ಕನೆ ಝಾಡಿಸಿ ಹೆಜ್ಜೆ ಹಾಕಿದರೆ ಜನ ಈ ಕೀಲಿಗೇ ಎಣ್ಣೆ ತಿಕ್ಕುತ್ತಾರೆ. ಎಷ್ಟೋ ಸಲ ದೋಷ ಇರೋದು ಮೇಲಿನ ಅಸಲಿ ಮಂಡಿಯ ಚಿಪ್ಪಿನಲ್ಲಿ. ಅದು ಸಿಕ್ಕಿಹಾಕಿಕೊಳ್ಳೋದಕ್ಕೆ ಪಶುವೈದ್ಯರು ಮಾಡುವ ಸಣ್ಣ ಆಪರೇಷನ್ ಇದೆ, ಎಣ್ಣೆ ವ್ಯರ್ಥ.

ನೋವಿನ ಇಂಜೆಕ್ಷನ್ ವಿಷಯದಲ್ಲಿ ಒಂದು ಮಾತು. ಮನುಷ್ಯರ ಡೈಕ್ಲೋಫಿನಾಕ್ ತಂದು ಚುಚ್ಚಬೇಡಿ. ಅದನ್ನು ಹಾಕಿಸಿಕೊಂಡ ದನ ಸತ್ತು, ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಗುಂಪುಗುಂಪಾಗಿ ಸತ್ತವು. ಜಾನುವಾರುಗಳಿಗೆ ಅದು 2006ರಿಂದ ನಿಷೇಧ. ಕೀಟೋಪ್ರೊಫೆನ್, ಅಸೆಕ್ಲೋಫಿನಾಕ್ ಕೂಡ 2023ರಲ್ಲಿ ನಿಷೇಧವಾದವು. ಮೆಲಾಕ್ಸಿಕಾಮ್ ರಣಹದ್ದಿಗೆ ಅಪಾಯವಿಲ್ಲದ ಔಷಧಿ. ಡೋಸು ಡಾಕ್ಟರೇ ಹೇಳಲಿ.

ಹಸು ಚೇತರಿಸಿಕೊಳ್ಳುತ್ತಿದ್ದ ಮಳೆಗಾಲದಲ್ಲಿ ಬದುವಿನ ಮೇಲೆ ಜಾರಿ ನನ್ನ ಕಾಲೂ ಉಳುಕಿತು. ಊರಲ್ಲಿ ಎಣ್ಣೆ ಹಾಕಿ ಎಳೆದು ನೀವಿಸೋಣ ಅಂದರು. ಹೊಸ ಉಳುಕನ್ನು ಎಳೆದರೆ ಹರಿದ ನಾರು ಇನ್ನಷ್ಟು ಹರಿಯುತ್ತೆ. ನಾಲ್ಕು ಹೆಜ್ಜೆ ಇಡೋಕೆ ಆಗದಿದ್ದರೆ ಅಥವಾ ಗಂಟಿನ ಮೂಳೆ ಮೇಲೇ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಬೇಕು. ನನಗೆ ಮೂಳೆ ಮುರಿದಿರಲಿಲ್ಲ. ಐಸು, ಬ್ಯಾಂಡೇಜು, ಕಾಲಡಿ ದಿಂಬು. ಹಾಸಿಗೆ ಮೇಲೆ ಮಲಗಿದ್ದಾಗ, ಗಾರೆ ಮೇಲೆ ಹಸು ಕಷ್ಟಪಟ್ಟು ಏಳುವ ಸದ್ದು ರಾತ್ರಿಯೆಲ್ಲ ಕೇಳಿಸೋದು.

ಕಾಲು ಸರಿಹೋದ ಮೇಲೆ ಮಾಡಿದ ಮೊದಲ ಕೆಲಸ ಕೊಟ್ಟಿಗೆದು. ನೀವೂ ಒಂದು ಪರೀಕ್ಷೆ ಮಾಡಿ: ಹಸು ಮಲಗೋ ಜಾಗದಲ್ಲಿ ನಿಂತಲ್ಲಿಂದ ಮಂಡಿಯೂರಿ ಧಪ್ ಅಂತ ಕೂತುಕೊಳ್ಳಿ. ನೋವಾಯ್ತಾ? ನೆಲ ಗಟ್ಟಿ. ಪ್ಯಾಂಟು ಒದ್ದೆಯಾಯ್ತಾ? ನೆಲ ಹಸಿ. ಎರಡೂ ಕೀಲಿಗೆ ಕೆಟ್ಟದ್ದು. ರಬ್ಬರ್ ಮ್ಯಾಟ್ ಹಾಕಿದರೆ ಸಾಲದು, ಅದರ ಮೇಲೂ ಒಣ ಹಾಸು ಬೇಕು. ನಮ್ಮ ತಿಪಟೂರು ಕಡೆ ತೆಂಗಿನ ನಾರಿನ ಪುಡಿ ಸಿಗುತ್ತೆ. ನಿಮ್ಮಲ್ಲಿ ಭತ್ತದ ಹೊಟ್ಟು, ಹುಲ್ಲು, ಕಬ್ಬಿನ ತರಗು ಯಾವುದಿದ್ದರೂ ಆದೀತು. ಮಲೆನಾಡಲ್ಲಿ ಹಿಂದಿನಿಂದಲೂ ಒಣ ಎಲೆ, ಸೊಪ್ಪು ಹಾಸುತ್ತಾರೆ. ನಾನು ಅರ್ಧ ಅಡಿ ಹಾಸ್ತೀನಿ, ಒದ್ದೆಯಾದಷ್ಟು ದಿನಾ ತೆಗೀತೀನಿ. ಗಂಜಲ ಹೀರಿದ ಆ ಪುಡಿ ನೇರ ಕಾಂಪೋಸ್ಟ್ ಗುಂಡಿಗೆ. ಮೊದಲು ಚರಂಡಿಗೆ ಹೋಗುತ್ತಿದ್ದ ಗಂಜಲ ಈಗ ಬಾಳೆ ಬುಡಕ್ಕೆ ಹೋಗ್ತಿದೆ.

ಎಡಗಾಲಿನಲ್ಲಿ ಮತ್ತೆ ಕೂದಲು ಬಂದಿದೆ. ನಾನು ಚುಚ್ಚಿದ್ದ ಬಲಗಾಲಿನಲ್ಲಿ ಗಟ್ಟಿ ಗಂಟು ಹಾಗೇ ಉಳಿದಿದೆ, ಅದು ಇನ್ನು ಕರಗಲ್ಲವಂತೆ.